ಲೈಟ್ನಿಂಗ್ ಪಿಕಪ್: ಸೂಪರ್‌ಚಾರ್ಜರ್ ಬದಲಿಸಬೇಕಾ, ನೀರು ತಣ್ಣಗೆ ಮಾಡಬೇಕಾ?

ಡಲ್ಲಾಸ್ ಮಂಡ್ಯ · ಭಾನುವಾರ ಬೆಳಿಗ್ಗೆ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದದ ಪ್ರಶ್ನೆ, ಕಾಫಿ ಹಿಡಿದುಕೊಂಡು ಓದಿ.

ನನ್ನ ಹತ್ತಿರ 2003ರ ಫೋರ್ಡ್ ಎಫ್‌-150 ಎಸ್‌ವಿಟಿ ಲೈಟ್ನಿಂಗ್ ಇದೆ. ಊರಿನವರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಟ್ರಕ್ ಅಂದರೆ ಲಾರಿ ಅಲ್ಲ, ಪಿಕಪ್. 5.4 ಲೀಟರ್ ವಿ8, ಅದರ ತಲೆ ಮೇಲೆ ಈಟನ್ ಎಂ112 ಸೂಪರ್‌ಚಾರ್ಜರ್ (ಬೆಲ್ಟ್‌ನಿಂದ ತಿರುಗಿ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್), 8 ಪಿಎಸ್‌ಐ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಅಷ್ಟು ಜಾಸ್ತಿ ಒತ್ತಡ. ಕಂಪನಿ ಲೆಕ್ಕದಲ್ಲಿ 380 ಎಚ್‌ಪಿ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಹೆಂಡತಿ ಇದಕ್ಕೆ "ಹೋರಿ" ಅಂತ ಹೆಸರಿಟ್ಟಿದ್ದಾಳೆ.

ಹೋರಿ ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಸಂಜೆ ಸೆಕೆಯಲ್ಲಿ ಮಂಕಾಗುತ್ತದೆ. ಸುಮ್ನೆ ನನ್ನ ಭ್ರಮೆ ಇರಬಹುದು ಅಂತ ನಿನ್ನೆ ಎನ್ನಿಸ್‌ನ ಟೆಕ್ಸಾಸ್ ಮೋಟರ್‌ಪ್ಲೆಕ್ಸ್ ರೇಸ್ ಟ್ರ್ಯಾಕ್‌ಗೆ ಹೋಗಿ ಕಾಲು ಮೈಲಿ ಮೂರು ಸಲ ಓಡಿಸಿದೆ. ಹೊರಗೆ 38 ಡಿಗ್ರಿ. ಸೂಪರ್‌ಚಾರ್ಜರ್ ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ದಾಟಿದ ಮೇಲೆ ಗಾಳಿಯ ಬಿಸಿ ಅಳೆಯುವ ಸೆನ್ಸರ್ ಒಂದಿದೆ. ಅದನ್ನು ಲಾಗ್ ಮಾಡಿಕೊಂಡೆ. ಪ್ರತಿ ಓಟದ ಕೊನೆಯಲ್ಲಿ ಕಂಡದ್ದು:

ಮೊದಲನೇ ಓಟ 68 ಡಿಗ್ರಿ, 14.0 ಸೆಕೆಂಡ್.
ಎರಡನೇದು 83 ಡಿಗ್ರಿ, 14.3.
ಮೂರನೇದು 96 ಡಿಗ್ರಿ, 14.7. ಕಂಪ್ಯೂಟರ್ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆದದ್ದೂ (ಕಿಡಿ ತಡ ಮಾಡಿ ಶಕ್ತಿ ಇಳಿಸಿದ್ದೂ) ಲಾಗ್‌ನಲ್ಲಿ ಕಾಣುತ್ತಿದೆ.

ಸಾಲಿನಲ್ಲಿ ಕಾಯುವಾಗ ಇಂಜಿನ್ ಆಫ್ ಮಾಡಲಿಲ್ಲ. ಎಸಿ ಬೇಕಿತ್ತು. ಬೈಯಬೇಡಿ.

ಇಲ್ಲಿನ ಒಂದು ವರ್ಕ್‌ಶಾಪ್‌ಗೆ ತೋರಿಸಿದೆ. ಬಾನೆಟ್ ಕೂಡ ಪೂರ್ತಿ ಎತ್ತಲಿಲ್ಲ. "ಎಂ112 ಹಳೇ ಕಾಲದ್ದು, ಗಾಳಿ ಕಾಯಿಸೋ ಒಲೆ ಅದು. ಟ್ವಿನ್ ಸ್ಕ್ರೂ ಸೂಪರ್‌ಚಾರ್ಜರ್ ಹಾಕೋಣ" ಅಂದರು. ಕೂಲಿ ಸೇರಿ 7,000 ಡಾಲರ್. ಹಾಕಿಸಬೇಕಾ?

ಟಿಆರ್‌ಎಕ್ಸ್ ಹುಚ್ಚ · ಭಾನುವಾರ ಬೆಳಿಗ್ಗೆ

ಹಾಕಿಸು ಗುರು, ಯೋಚನೆ ಯಾಕೆ? ನನ್ನ ರಾಮ್ ಟಿಆರ್‌ಎಕ್ಸ್‌ನಲ್ಲಿ ಕಂಪನಿಯವರೇ 2.4 ಲೀಟರ್ ಟ್ವಿನ್ ಸ್ಕ್ರೂ ಕೊಟ್ಟಿದ್ದಾರೆ. 702 ಎಚ್‌ಪಿ. ಹ್ಯೂಸ್ಟನ್ ಸೆಕೆಗೂ ಕ್ಯಾರೇ ಅನ್ನಲ್ಲ. ನಿನ್ನ ಎಂ112 ತರದ ರೂಟ್ಸ್ ಸೂಪರ್‌ಚಾರ್ಜರ್ ಕಾಲ ಮುಗಿಯಿತು.

ಮೆಕ್ಯಾನಿಕಲ್ ಕೊನೇ ವರ್ಷ · ಭಾನುವಾರ ಮಧ್ಯಾಹ್ನ

ಅಣ್ಣ, ದಡ್ಡ ಪ್ರಶ್ನೆ ಇರಬಹುದು. ಎರಡೂ ಸೂಪರ್‌ಚಾರ್ಜರ್ 8 ಪಿಎಸ್‌ಐ ಕೊಟ್ಟರೆ ಒಳಗೆ ಹೋಗುವ ಗಾಳಿ ಒಂದೇ ಅಲ್ವಾ? ಎಫಿಶಿಯೆನ್ಸಿ ಅಂತ ಎಲ್ಲರೂ ಹೇಳುತ್ತಾರೆ. ಅದು ಎಲ್ಲಿ ವ್ಯತ್ಯಾಸ ಮಾಡುತ್ತೆ?

ನೋವೈ ಸಾಗರದವಳು · ಭಾನುವಾರ ಸಂಜೆ

ದಡ್ಡ ಪ್ರಶ್ನೆ ಅಲ್ಲ ತಮ್ಮಾ. ಡೆಟ್ರಾಯ್ಟ್ ಪಕ್ಕದಲ್ಲಿ ಕೂತು ಹನ್ನೆರಡು ವರ್ಷದಿಂದ ಇಂಜಿನ್ ಕೂಲಿಂಗ್ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆ ದೊಡ್ಡವರೂ ಕೇಳುವುದಿಲ್ಲ, ಅದೇ ತೊಂದರೆ.

ಸೈಕಲ್ ಪಂಪನ್ನು ಇಪ್ಪತ್ತು ಸಲ ಒತ್ತಿ ಬುಡ ಮುಟ್ಟಿ ನೋಡು. ಬಿಸಿ ಇರುತ್ತದೆ. ಗಾಳಿಯನ್ನು ಹಿಂಡಿದರೆ ಕಾಯಲೇಬೇಕು, ಅದನ್ನು ಯಾರೂ ತಪ್ಪಿಸೋಕಾಗಲ್ಲ. ಪ್ರಶ್ನೆ ಏನೆಂದರೆ, ಕಾಯಬೇಕಾದ್ದಕ್ಕಿಂತ ಎಷ್ಟು ಜಾಸ್ತಿ ಕಾಯುತ್ತದೆ? ಎಫಿಶಿಯೆನ್ಸಿ ಅಂದರೆ ಅಷ್ಟೇ. ಬಿಸಿ ಗಾಳಿ ಹಿಗ್ಗಿರುತ್ತದೆ. ಗೇಜಿನಲ್ಲಿ ಅದೇ 8 ಪಿಎಸ್‌ಐ ಕಂಡರೂ ಸಿಲಿಂಡರ್‌ಗೆ ಹೋಗುವ ಗಾಳಿಯ ತೂಕ ಕಡಿಮೆ. ಬೂಸ್ಟ್ ಗೇಜ್ ನೋಡಿ ಖುಷಿಪಡುವವರು ಇದನ್ನು ಮರೆಯುತ್ತಾರೆ.

ಈಗ ರೂಟ್ಸ್ ಕತೆ. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡರು. ಕಾರುಗಳು ಹುಟ್ಟುವ ಮುಂಚೆ. ಆಗ ಇದರ ಕೆಲಸ ಕುಲುಮೆಗೆ ಗಾಳಿ ಊದುವುದು. ನಮ್ಮ ಕಮ್ಮಾರರ ತಿದಿಯ ದೊಡ್ಡಣ್ಣ ಅನ್ನಿ.

ಒಳಗೆ ಎರಡು ರೋಟರ್ ಕಬ್ಬಿನ ಗಾಣದ ಉರುಳೆಗಳ ಹಾಗೆ ಎದುರುಬದುರು ತಿರುಗುತ್ತವೆ. ಆದರೆ ಗಾಣ ಕಬ್ಬನ್ನು ನಡುವೆ ಎಳೆದುಕೊಂಡು ಹಿಂಡುತ್ತದೆ. ಇಲ್ಲಿ ರೋಟರ್‌ಗಳು ಒಂದಕ್ಕೊಂದು ತಾಗುವುದಿಲ್ಲ, ಗಾಳಿ ನಡುವೆ ಹೋಗುವುದೂ ಇಲ್ಲ. ಹೊರಗೋಡೆಯ ಪಕ್ಕದಲ್ಲಿ ಬೊಗಸೆ ಬೊಗಸೆಯಾಗಿ ಸಾಗುತ್ತದೆ. ಅಂದರೆ ರೂಟ್ಸ್ ಒಳಗೆ ಹಿಂಡುವುದೇ ಇಲ್ಲ! ಬೊಗಸೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಕಡೆ ತೆರೆದುಕೊಂಡ ತಕ್ಷಣ ಅಲ್ಲಿ ಆಗಲೇ ತುಂಬಿರುವ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಆ ಗುದ್ದಾಟದಲ್ಲೇ ಒತ್ತಡ ಏರುತ್ತದೆ, ಜೊತೆಗೆ ಬೇಡದ ಬಿಸಿಯೂ ಬರುತ್ತದೆ.

ಟ್ವಿನ್ ಸ್ಕ್ರೂ ಬೇರೆ ಜಾತಿ. ಸ್ವೀಡನ್ನಿನ ಆಲ್ಫ್ ಲಿಶೋಲ್ಮ್ 1930ರ ದಶಕದಲ್ಲಿ ರೂಪಿಸಿದ್ದು. ಅದರಲ್ಲಿ ಗಾಳಿ ಎರಡು ತಿರುಪುಗಳ ನಡುವೆ ಸಿಕ್ಕಿ, ಮುಂದೆ ಹೋಗುತ್ತಾ ಹೋಗುತ್ತಾ ಜಾಗ ಸಣ್ಣದಾಗಿ, ಒಳಗೇ ಹಿಂಡಿಸಿಕೊಂಡು ಹೊರಗೆ ಬರುತ್ತದೆ. ಗುದ್ದಾಟ ಕಡಿಮೆ.

ಇವೆರಡರ ನಡುವೆ ಈಟನ್‌ನವರ ಟಿವಿಎಸ್ ಇದೆ. ನಮ್ಮ ಹೊಸೂರಿನ ಟಿವಿಎಸ್ ಅಲ್ಲ ಮಾರಾಯ್ರೇ, ಟ್ವಿನ್ ವೋರ್ಟಿಸಸ್ ಸೀರೀಸ್. ಇದೂ ರೂಟ್ಸ್ ಜಾತಿಯದೇ. ಎಂ112ರಲ್ಲಿ ರೋಟರ್‌ಗೆ ಮೂರು ಹಲ್ಲು, 60 ಡಿಗ್ರಿ ತಿರುಚು. ಟಿವಿಎಸ್‌ನಲ್ಲಿ ನಾಲ್ಕು ಹಲ್ಲು, 160 ಡಿಗ್ರಿ. 2009ರ ಕಾರ್ವೆಟ್ ಝಡ್‌ಆರ್‌1 ಮೇಲೆ ಬಂದದ್ದು ಇದೇ. ತಿರುಚು ಹೆಚ್ಚಿಸಿದ್ದಕ್ಕೇ ಎಫಿಶಿಯೆನ್ಸಿ ಎಷ್ಟೋ ಮೇಲೆ ಬಂತು.

ಈಗ ಲೆಕ್ಕ. ಹೊರಗೆ 38 ಡಿಗ್ರಿ, ಬೂಸ್ಟ್ 8. ಪುಸ್ತಕದ ಪ್ರಕಾರ, ಯಾವ ನಷ್ಟವೂ ಇಲ್ಲದೆ ಹಿಂಡಿದರೂ ಗಾಳಿ 41 ಡಿಗ್ರಿ ಏರಲೇಬೇಕು. ಎಂ112ಗೆ 55 ಪರ್ಸೆಂಟ್ ಎಫಿಶಿಯೆನ್ಸಿ ಅಂತ ಇಟ್ಟುಕೊಳ್ಳಿ. 41 ಇದ್ದದ್ದು 75 ಆಗುತ್ತದೆ. ಸೂಪರ್‌ಚಾರ್ಜರ್‌ನಿಂದ ಗಾಳಿ ಹೊರಗೆ ಬರುವ ಬಾಯಲ್ಲಿ 113 ಡಿಗ್ರಿ. ಟಿವಿಎಸ್ ಅಥವಾ ಟ್ವಿನ್ ಸ್ಕ್ರೂಗೆ 70 ಪರ್ಸೆಂಟ್ ಕೊಡಿ. 97 ಡಿಗ್ರಿ. ವ್ಯತ್ಯಾಸ 16. ಇದನ್ನೇ ವರ್ಕ್‌ಶಾಪ್‌ನವರು ನಿಮಗೆ 7,000ಕ್ಕೆ ಮಾರುತ್ತಿರುವುದು.

ಆದರೆ ಇಂಜಿನ್ ಈ 113 ಡಿಗ್ರಿ ಗಾಳಿಯನ್ನು ಕುಡಿಯುವುದಿಲ್ಲ. ನಡುವೆ ಇಂಟರ್‌ಕೂಲರ್ ಇದೆ. ಲೈಟ್ನಿಂಗ್‌ನಲ್ಲಿ ಅದು ನೀರಿನದು, ಸೂಪರ್‌ಚಾರ್ಜರ್ ಕೆಳಗೇ ಅಡಗಿ ಕೂತಿರುತ್ತದೆ. ಆ ನೀರನ್ನು ಒಂದು ಪಂಪ್ ಗಾಡಿಯ ಮುಂದಿನ ಬೇರೆ ರೇಡಿಯೇಟರ್‌ಗೆ ಸುತ್ತಿಸಿ ತಣ್ಣಗೆ ಮಾಡುತ್ತದೆ. ಗಾಳಿಗೂ ನೀರಿಗೂ ಇರುವ ಬಿಸಿಯ ಅಂತರದಲ್ಲಿ ಮುಕ್ಕಾಲು ಪಾಲು ಅದು ಇಳಿಸುತ್ತದೆ ಅನ್ನೋಣ. ನೀರು 50 ಡಿಗ್ರಿ ಇದ್ದರೆ:

ಎಂ112: 113 ಇಳಿದು 66.
ಟಿವಿಎಸ್: 97 ಇಳಿದು 62.

ಹದಿನಾರರ ವ್ಯತ್ಯಾಸ ನಾಲ್ಕಕ್ಕೆ ಬಂತು, ನೋಡಿದಿರಾ? ಈಗ ನೀರು ಕಾದು 75 ಆಗಿದೆ ಅನ್ನಿ. ಎಂ112 ಗಾಳಿ 84, ಟಿವಿಎಸ್ ಗಾಳಿ 80. ಅಂದರೆ ಹಳೇ ಸೂಪರ್‌ಚಾರ್ಜರ್ ಜೊತೆ ತಣ್ಣನೆ ನೀರು, ಹೊಸ ಸೂಪರ್‌ಚಾರ್ಜರ್ ಜೊತೆ ಬಿಸಿ ನೀರಿಗಿಂತ 14 ಡಿಗ್ರಿ ಮೇಲು. ನನಗೆ ಹೇಳಬೇಕಾದ್ದು ಇದೊಂದೇ. ಮೊದಲು ನೀರು ನೋಡಿ.

ಹೊಸದಕ್ಕೆ ಲಾಭವೇ ಇಲ್ಲ ಅಂತ ಹೇಳುತ್ತಿಲ್ಲ. ಅದನ್ನು ತಿರುಗಿಸೋಕೆ ಬೆಲ್ಟ್ ಕ್ರ್ಯಾಂಕ್‌ನಿಂದ ಕದಿಯುವ ಶಕ್ತಿಯೂ ಕಡಿಮೆ. ನಿಮ್ಮ ಇಂಜಿನ್ ಪೂರ್ತಿ ಎಳೆಯುವಾಗ ಸೆಕೆಂಡಿಗೆ ಸುಮಾರು 300 ಗ್ರಾಂ ಗಾಳಿ ಕುಡಿಯುತ್ತದೆ ಅನ್ನೋಣ. ಎಂ112ಗೆ 30 ಎಚ್‌ಪಿ ಬೇಕು, ಟಿವಿಎಸ್‌ಗೆ 24. ಆರು ಎಚ್‌ಪಿ ಉಳಿತಾಯ. 8 ಪಿಎಸ್‌ಐಗೆ ಅಷ್ಟೇ.

ಹುಬ್ಬಳ್ಳಿ ಡೀಸೆಲ್ · ಸೋಮವಾರ

ಅಕ್ಕಾರ, ಭಾಳ ಛಲೋ ಹೇಳಿದ್ರಿ. ನಾನು ಲಾರಿ ಗ್ಯಾರೇಜ್ ಇಟ್ಟವನು, ಪೆಟ್ರೋಲ್ ವಿ8 ಕಣ್ಣಿಲೆ ನೋಡಿಲ್ಲ. ನಮ್ಮಲ್ಲಿ ಎಲ್ಲಾ ಟರ್ಬೊ. ಪುಕ್ಕಟೆ ಹೊಗೆಯಿಂದ ತಿರುಗುತ್ತದೆ. ಅದನ್ನು ಬಿಟ್ಟು ಬೆಲ್ಟ್ ಕಟ್ಟಿ 30 ಎಚ್‌ಪಿ ಯಾಕೆ ಕಳೆದುಕೊಳ್ಳುತ್ತಾರೆ?

ಇನ್ನೊಂದು. ಮುಂದಿನ ಜಾಳಿ ನೋಡಿದಿರಾ? ಹತ್ತಿ ಸೀಜನ್‌ನಲ್ಲಿ ನಮ್ಮಲ್ಲಿ ಬರುವ ಲಾರಿಗಳಲ್ಲಿ ಅರ್ಧಕ್ಕರ್ಧ "ಪಿಕಪ್ ಇಲ್ಲ" ಅಂತ ಬರುತ್ತವೆ. ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವೆ ಹತ್ತಿ ತುಂಬಿ ಹಾಸಿಗೆ ಆಗಿರುತ್ತದೆ. ಇಂಜಿನ್ ಕಡೆಯಿಂದ ಹೊರಗೆ ನೀರು ಹೊಡೆಯಬೇಕು. ಎದುರಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಹೋಗಿ ಕೂರುತ್ತದೆ.

ನೋವೈ ಸಾಗರದವಳು · ಸೋಮವಾರ

ಅಣ್ಣಾ, ನೀವು ಹೇಳಿದ್ದು ಖರೆ. ಟರ್ಬೊ ಲೆಕ್ಕದಲ್ಲಿ ಗೆಲ್ಲುತ್ತದೆ. ಫೋರ್ಡ್‌ನವರೂ 2011ರಿಂದ ಎಫ್‌-150ಗೆ 3.5 ಲೀಟರ್ ಟ್ವಿನ್ ಟರ್ಬೊ ಕೊಟ್ಟರು. ಸೂಪರ್‌ಚಾರ್ಜರ್ ರುಚಿ ಬೇರೆ, ಪೆಡಲ್ ಮೇಲೆ ಕಾಲಿಟ್ಟ ಕ್ಷಣವೇ ಎಳೆಯುತ್ತದೆ. ಎರಡು ಟನ್ ಪಿಕಪ್ಪನ್ನು ನಿಂತಲ್ಲಿಂದ ಎಬ್ಬಿಸೋಕೆ ಅದು ಬೇಕು.

ನಿಮಗೆ ಇಷ್ಟವಾಗುವ ಒಂದು ವಿಷಯ. ಪೆಟ್ರೋಲ್ ವಿ8 ಮೇಲೆ ಕೂರಿಸುವ ದೊಡ್ಡ ರೂಟ್ಸ್‌ಗಳಿಗೆ ಇವತ್ತಿಗೂ 6-71, 8-71 ಅಂತ ಹೆಸರು. ಅದು ಬಂದದ್ದು ಡೀಸೆಲ್‌ನಿಂದ! ಜನರಲ್ ಮೋಟರ್ಸ್‌ನವರ ಟೂ-ಸ್ಟ್ರೋಕ್ ಡೀಸೆಲ್ ಇಂಜಿನ್‌ಗಳು, 1938ರಿಂದ ಬಂದವು. 71 ಅಂದರೆ ಒಂದು ಸಿಲಿಂಡರ್‌ಗೆ 71 ಘನ ಇಂಚು, 6 ಅಂದರೆ ಆರು ಸಿಲಿಂಡರ್. ಅವು ಈ ರೂಟ್ಸ್ ಬ್ಲೋವರ್ ಇಲ್ಲದೆ ಉಸಿರೇ ಆಡುತ್ತಿರಲಿಲ್ಲ. ಹಳೇ ಬಸ್ಸು, ಲಾರಿಗಳಿಂದ ಆ ಬ್ಲೋವರ್ ಬಿಚ್ಚಿ ರೇಸ್ ಹುಡುಗರು ತಮ್ಮ ಕಾರಿಗೆ ಕಟ್ಟಿಕೊಂಡರು.

ಟಿಆರ್‌ಎಕ್ಸ್ ಹುಚ್ಚ · ಸೋಮವಾರ ರಾತ್ರಿ

ಮೇಡಂ, ಕಾಗದದ ಲೆಕ್ಕ ಚೆನ್ನಾಗಿದೆ. ಆದರೆ ಯಾರು 8 ಪಿಎಸ್‌ಐಗೆ ನಿಲ್ಲಿಸುತ್ತಾರೆ? ಬೆಲ್ಟ್ ಪುಲ್ಲಿ ಸಣ್ಣದು ಹಾಕಿ ಸೂಪರ್‌ಚಾರ್ಜರ್ ಜೋರಾಗಿ ತಿರುಗಿಸಿ, 12ಕ್ಕೆ ಏರಿಸಿ. ಆಗ ಮಾತಾಡಿ. ಅಥವಾ ಚಕ್ರ ತಿರುಗಿಸಿ ಗಾಳಿ ಎಸೆಯುವ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ ಹಾಕಿ, ಅದು ಎಲ್ಲಕ್ಕಿಂತ ತಣ್ಣಗಿರುತ್ತೆ.

ನೋವೈ ಸಾಗರದವಳು · ಮಂಗಳವಾರ

12ಕ್ಕೆ ಏರಿಸಿದರೆ ನಿಮ್ಮ ಮಾತು ಸರಿ, ಒಪ್ಪಿದೆ. ಅಲ್ಲಿ 55 ಪರ್ಸೆಂಟ್‌ನದು 143 ಡಿಗ್ರಿ ಊದುತ್ತದೆ, 70 ಪರ್ಸೆಂಟ್‌ನದು 121. ಅದೂ ಹಳೇ ರೂಟ್ಸ್ 55ರಲ್ಲೇ ನಿಂತರೆ. ಬೂಸ್ಟ್ ಏರಿದಂತೆ ಅದರ ಎಫಿಶಿಯೆನ್ಸಿ ಇನ್ನೂ ಜಾರುತ್ತದೆ. 12, 14 ಬೇಕಾದವರು ಎಂ112 ಇಟ್ಟುಕೊಂಡು ಸಣ್ಣ ಪುಲ್ಲಿ ಹಾಕುವುದು ಕುಂಟೆತ್ತಿಗೆ ಬಾರುಕೋಲು ಬೀಸಿದ ಹಾಗೆ.

ಸೆಂಟ್ರಿಫ್ಯೂಗಲ್ ತಣ್ಣಗಿರುವುದು ನಿಜ. ಆದರೆ ಅದರ ಬೂಸ್ಟ್ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 6,000ದಲ್ಲಿ 8 ಕೊಡುವುದು 3,000ದಲ್ಲಿ ಬರೀ 2 ಕೊಡುತ್ತದೆ. ಸಿಗ್ನಲ್‌ನಿಂದ ಎದ್ದು ಹೋಗಬೇಕಾದ ಪಿಕಪ್‌ಗೆ ಅದು ಸರಿಹೋಗಲ್ಲ. ಮುಖ್ಯವಾಗಿ, ಇವರು ಕೇಳಿದ್ದು ಜಾಸ್ತಿ ಎಚ್‌ಪಿ ಅಲ್ಲ. ಇದ್ದ ಎಚ್‌ಪಿ ಸಂಜೆ ಎಲ್ಲಿಗೆ ಹೋಗುತ್ತದೆ ಅಂತ.

ಶಾರ್ಜಾ ಕುಂದಾಪ್ರ · ಮಂಗಳವಾರ

ನಮ್ಮಲ್ಲಿ ಇದಕ್ಕಿಂತ ಕೆಟ್ಟ ಪರೀಕ್ಷೆ ಇದೆ. ನನ್ನದು ಅಮೆರಿಕದಿಂದ ತಂದ ಟೊಯೊಟಾ ಟಂಡ್ರಾ, 5.7 ಲೀಟರ್. ಮೇಲೆ ಟೊಯೊಟಾದವರದೇ ಟಿಆರ್‌ಡಿ ಸೂಪರ್‌ಚಾರ್ಜರ್, ಒಳಗೆ ಟಿವಿಎಸ್ ರೋಟರ್. ಕಂಪನಿ ಲೆಕ್ಕ 504 ಎಚ್‌ಪಿ. ಹೆದ್ದಾರಿಯಲ್ಲಿ 45 ಡಿಗ್ರಿ ಸೆಕೆಯಲ್ಲೂ ತೊಂದರೆ ಕೊಟ್ಟಿಲ್ಲ. ಮರಳು ದಿಬ್ಬಕ್ಕೆ ಹೋದ ದಿನ ಗೊತ್ತಾಯಿತು.

ಮರಳಿನಲ್ಲಿ ವೇಗ ಗಂಟೆಗೆ 20, 30 ಕಿಲೋಮೀಟರ್. ಆದರೆ ಇಂಜಿನ್ ಪೂರ್ತಿ ಎಳೆಯುತ್ತಾ ಇರುತ್ತದೆ. ಮುಂದಿನ ಸಣ್ಣ ರೇಡಿಯೇಟರ್‌ಗೆ ಗಾಳಿಯೇ ಬಡಿಯುವುದಿಲ್ಲ. ನೀರು ತಿರುಗುತ್ತದೆ, ಬಿಸಿ ಹೊರಗೆ ಹೋಗಲ್ಲ. ಅದಕ್ಕೆ ಎರಡು ಎಲೆಕ್ಟ್ರಿಕ್ ಫ್ಯಾನ್ ಕಟ್ಟಿಸಿದೆ. ಅಷ್ಟಕ್ಕೇ ಗಾಡಿ ಬದಲಾಯಿತು. ಟಿವಿಎಸ್ ಇದ್ದೂ ಹೀಗೆ. ನಿಮ್ಮ ರೇಸ್ ಟ್ರ್ಯಾಕಿನ ಸಾಲಿನಲ್ಲಿ ಗಾಡಿ ನಿಂತಾಗಲೂ ಇದೇ ಕತೆ ಅಲ್ದಾ?

ಡಲ್ಲಾಸ್ ಮಂಡ್ಯ · ಮಂಗಳವಾರ ರಾತ್ರಿ

ಅಕ್ಕಾ, ಕುಂದಾಪ್ರದ ಅಣ್ಣಾ, ಇಷ್ಟು ಬರೆದದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ನನಗೂ ಫ್ಯಾನ್ ಹಾಕಿದರೆ ಸಾಕಾ? ಅಥವಾ ದೊಡ್ಡ ರೇಡಿಯೇಟರ್?

ನೋವೈ ಸಾಗರದವಳು · ಬುಧವಾರ ಬೆಳಿಗ್ಗೆ

ನಿಲ್ಲಿ ನಿಲ್ಲಿ, ಏನೂ ತಗೋಬೇಡಿ. ನಿನ್ನೆ ರಾತ್ರಿ ನಿಮ್ಮ ಮೂರು ಅಂಕಿ ನೋಡುತ್ತಾ ಕೂತಿದ್ದೆ. ಅವು ಏನೋ ಹೇಳುತ್ತಿವೆ.

ಲೆಕ್ಕ ತಿರುಗಿಸಿ ಹಾಕೋಣ. ಗಾಳಿ 113ರಿಂದ ಎಷ್ಟಕ್ಕೆ ಇಳಿಯಿತು ಅಂತ ಗೊತ್ತಿದ್ದರೆ ಇಂಟರ್‌ಕೂಲರ್ ಒಳಗಿನ ನೀರು ಎಷ್ಟು ಬಿಸಿ ಇತ್ತು ಅಂತ ಸಿಗುತ್ತದೆ. ಮೊದಲ ಓಟ 68, ನೀರು 53. ಎರಡನೇದು 83, ನೀರು 73. ಮೂರನೇದು 96, ನೀರು 90.

ಎರಡು ವಿಷಯ ಸರಿಯಿಲ್ಲ.

ಒಂದು. ಮೊದಲ ಓಟದಿಂದ ಎರಡನೆಯದಕ್ಕೆ ನೀರು 20 ಡಿಗ್ರಿ ಏರಿದೆ. ಇಂಟರ್‌ಕೂಲರ್ ಗಾಳಿಯಿಂದ ತೆಗೆಯುವ ಬಿಸಿ ಜೋರಿದ್ದಾಗ 14 ಕಿಲೋವ್ಯಾಟ್ ಹತ್ತಿರ ಹೋಗುತ್ತದೆ. ಬಾತ್‌ರೂಮಿನ ಏಳು ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಸರಾಸರಿ 10 ಅಂತ ಇಟ್ಟುಕೊಂಡು 14 ಸೆಕೆಂಡ್ ಓಡಿದರೆ 140 ಕಿಲೋಜೂಲ್. ಅಷ್ಟರಿಂದ 20 ಡಿಗ್ರಿ ಏರಬೇಕಾದರೆ ಕಾಯುತ್ತಿರುವುದು ಎರಡೇ ಲೀಟರ್ ಕೂಲಂಟ್. ನಿಮ್ಮ ಗಾಡಿಯ ಇಡೀ ಸುತ್ತಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರಬೇಕು. ಮಿಕ್ಕದ್ದು ಎಲ್ಲಿ?

ಎರಡು. 90 ಡಿಗ್ರಿ ಅಂದರೆ ಇಂಜಿನ್ ಕೂಲಂಟ್‌ನ ಬಿಸಿ. ಇಂಟರ್‌ಕೂಲರ್ ನೀರು ಬೇರೆ ಸುತ್ತು, ಅದು ಅಲ್ಲಿಗೆ ಹೋಗುವ ಕಾರಣವೇ ಇಲ್ಲ. ಸುಮ್ಮನೆ ಇಂಜಿನ್ ಮೇಲೆ ಕೂತು ಅದರ ಜೊತೆ ಬೇಯುತ್ತಿದ್ದರೆ ಮಾತ್ರ ಹಾಗಾಗುತ್ತದೆ.

ನನ್ನ ಅನುಮಾನ, ನಿಮ್ಮ ನೀರು ತಿರುಗುತ್ತಲೇ ಇಲ್ಲ. ಇಂಟರ್‌ಕೂಲರ್ ಒಳಗೆ ನಿಂತ ನೀರೇ ಕಾಯುತ್ತಿದೆ.

ನೋಡುವುದು ಸುಲಭ. ಗಾಡಿ ತಣ್ಣಗಿದ್ದಾಗ ಇಂಟರ್‌ಕೂಲರ್ ಟ್ಯಾಂಕಿನ ಕ್ಯಾಪ್ ತೆಗೆಯಿರಿ. ಇಂಜಿನ್ ಕ್ಯಾಪ್ ಅಲ್ಲ! ಆಮೇಲೆ ಸ್ಟಾರ್ಟ್ ಮಾಡಿ, ಇಂಜಿನ್ ಕಾಯುವವರೆಗೆ ಬಿಡಿ, ಟಾರ್ಚ್ ಹಾಕಿ ಒಳಗೆ ನೋಡಿ. ನೀರು ಸುಳಿಯಬೇಕು. ಮುಂದಿನ ರೇಡಿಯೇಟರ್ ಹೋಸ್ ಮತ್ತು ಮ್ಯಾನಿಫೋಲ್ಡ್ ಪಕ್ಕದ ಹೋಸ್ ಎರಡನ್ನೂ ಮುಟ್ಟಿ. ಫ್ಯಾನ್ ಬೆಲ್ಟ್‌ಗೆ ಕೈ ಕೊಡಬೇಡಿ.

ಹಾಗೇ ಬೈಪಾಸ್ ವಾಲ್ವ್‌ನ ವ್ಯಾಕ್ಯೂಮ್ ಹೋಸ್ ಕೂಡ ನೋಡಿ. ನಿಧಾನವಾಗಿ ಹೋಗುವಾಗ ಆ ವಾಲ್ವ್ ತೆರೆದು ಗಾಳಿಯನ್ನು ಸುಮ್ಮನೆ ಸುತ್ತಿಸುತ್ತದೆ, ಸೂಪರ್‌ಚಾರ್ಜರ್‌ಗೆ ಹೊರೆ ಇರಲ್ಲ. ಹೋಸ್ ಹರಿದಿದ್ದರೆ ವಾಲ್ವ್ ಮುಚ್ಚಿಯೇ ಇರುತ್ತದೆ, ಸಿಗ್ನಲ್‌ನಲ್ಲಿ ನಿಂತಾಗಲೂ ಗಾಳಿ ಕಾಯುತ್ತದೆ.

ಮೆಕ್ಯಾನಿಕಲ್ ಕೊನೇ ವರ್ಷ · ಬುಧವಾರ

ನಾಲ್ಕು ವರ್ಷದಲ್ಲಿ ಹೀಟ್ ಟ್ರಾನ್ಸ್‌ಫರ್ ಪೇಪರ್ ಬರೆದು ಪಾಸಾದೆ. ಹೀಗೂ ಬಳಸಬಹುದು ಅಂತ ಇವತ್ತು ಗೊತ್ತಾಯಿತು ಅಕ್ಕ.

ಡಲ್ಲಾಸ್ ಮಂಡ್ಯ · ಶನಿವಾರ

ಅಕ್ಕಾ, ನಿಮಗೆ ಮದ್ದೂರು ವಡೆ ಪಾರ್ಸೆಲ್ ಕಳಿಸಬೇಕು.

ಇವತ್ತು ಬೆಳಿಗ್ಗೆ ಗ್ಯಾರೇಜ್ ಬಾಗಿಲು ಎತ್ತಿ ಕ್ಯಾಪ್ ತೆಗೆದೆ. ಸ್ಟಾರ್ಟ್ ಮಾಡಿ ಕಾಲು ಗಂಟೆ ಬಿಟ್ಟೆ. ಟಾರ್ಚ್ ಹಾಕಿದರೆ ನೀರು ಕಲ್ಯಾಣಿ ಹಾಗೆ ನಿಂತಿದೆ. ಮೇಲೆ ಒಂದು ಗುಳ್ಳೆ ಇತ್ತು. ಐದು ನಿಮಿಷ ನೋಡಿದೆ, ಆ ಗುಳ್ಳೆ ಇದ್ದಲ್ಲೇ ಇತ್ತು. ಮ್ಯಾನಿಫೋಲ್ಡ್ ಪಕ್ಕದ ಹೋಸ್ ಹಿಡಿಯೋಕಾಗಲಿಲ್ಲ, ಸುಡುತ್ತಿತ್ತು. ಮುಂದಿನ ರೇಡಿಯೇಟರ್ ಒಲೆ ಮೇಲಿಡದ ಪಾತ್ರೆಯ ಹಾಗೆ ಇತ್ತು.

ಆದರೆ ಪಂಪ್ ಮೇಲೆ ಬೆರಳಿಟ್ಟರೆ ಗುಯ್ ಅಂತ ನಡುಗುತ್ತಿದೆ! ಅದಕ್ಕೇ ಯಾರಿಗೂ ಅನುಮಾನ ಬಂದಿಲ್ಲ.

ಬಿಚ್ಚಿದೆ. ಒಳಗಿನ ಪ್ಲಾಸ್ಟಿಕ್ ಚಕ್ರದ ಮೂರು ರೆಕ್ಕೆ ಮುರಿದಿವೆ. ಮಿಕ್ಕ ಜಾಗದಲ್ಲಿ ಕಂದು ಬಣ್ಣದ ಲೋಳೆ, ರಾಗಿ ಅಂಬಲಿ ತಣ್ಣಗಾದ ಹಾಗೆ. ಹಿಂದಿನ ಮಾಲೀಕರು ಎರಡು ಬಣ್ಣದ ಕೂಲಂಟ್ ಬೆರೆಸಿರಬೇಕು. ಹೋಸ್ ಒಳಗೂ ಅದೇ.

ಹುಬ್ಬಳ್ಳಿ ಅಣ್ಣಾ, ನೀವು ಹೇಳಿದ ಜಾಳಿಯೂ ನೋಡಿದೆ. ಎಸಿ ಕಂಡೆನ್ಸರ್‌ಗೂ ಈ ರೇಡಿಯೇಟರ್‌ಗೂ ನಡುವೆ ಮಿಡತೆಗಳ ಸ್ಮಶಾನ. ಒಳಗಿನಿಂದ ಹೊರಕ್ಕೆ ನೀರು ಹೊಡೆದೆ. ಕಾಲು ಬಕೆಟ್ ಕಸ ಬಂತು.

ಬೈಪಾಸ್ ಹೋಸ್ ಸರಿ ಇದೆ.

ಈಗ ಪ್ರಶ್ನೆ: ಹೊಸ ಪಂಪ್ ಬರುತ್ತಿದೆ. ಬರೀ ನೀರು ಹಾಕಲಾ, ಅರ್ಧಕ್ಕರ್ಧ ಕೂಲಂಟ್ ಹಾಕಲಾ? ಮತ್ತೆ, ಟ್ಯಾಂಕಿಗೆ ಐಸ್ ಹಾಕುವವರನ್ನು ಅಲ್ಲಿ ನೋಡಿದೆ.

ಟಿಆರ್‌ಎಕ್ಸ್ ಹುಚ್ಚ · ಶನಿವಾರ

ಐಸ್ ಹಾಕು ಗುರು. ಸಕತ್ತಾಗಿರುತ್ತೆ. 2018ರ ಡಾಡ್ಜ್ ಡೀಮನ್ ಕಾರಿನಲ್ಲಿ ಕಂಪನಿಯವರೇ ಎಸಿ ಗ್ಯಾಸ್‌ನಿಂದ ಇಂಟರ್‌ಕೂಲರ್ ನೀರು ತಣ್ಣಗೆ ಮಾಡುತ್ತಿದ್ದರು.

ನೋವೈ ಸಾಗರದವಳು · ಶನಿವಾರ ರಾತ್ರಿ

ವಡೆ ಬೇಡ, ಇಲ್ಲಿಗೆ ಬರುವಷ್ಟರಲ್ಲಿ ಪುಡಿ ಆಗಿರುತ್ತದೆ. ಪುಳಿಯೋಗರೆ ಗೊಜ್ಜು ಕಳಿಸಿ.

ಬಿಸಿ ಹೊರುವುದರಲ್ಲಿ ನೀರೇ ಮೇಲು. ಒಂದು ಕಿಲೋ ನೀರು ಡಿಗ್ರಿಗೆ 4.2 ಕಿಲೋಜೂಲ್ ಹೊರುತ್ತದೆ, ಅರ್ಧಕ್ಕರ್ಧ ಮಿಶ್ರಣ 3.5ರ ಹತ್ತಿರ. ಬೇಸಿಗೆಗೆ ನೀರು ಜಾಸ್ತಿ ಇಟ್ಟುಕೊಳ್ಳಬಹುದು. ಆದರೆ ಬರೀ ನೀರು ಬೇಡ, ತುಕ್ಕು ಹಿಡಿಯುತ್ತದೆ. ಮತ್ತೆ ನೀವು ಡಲ್ಲಾಸ್‌ನಲ್ಲಿದ್ದೀರಿ. 2021ರ ಫೆಬ್ರವರಿ ನೆನಪಿದೆಯಾ? ಅಲ್ಲಿ ಸೊನ್ನೆಗಿಂತ 19 ಡಿಗ್ರಿ ಕೆಳಗೆ ಹೋಗಿತ್ತು. ಸೂಪರ್‌ಚಾರ್ಜರ್ ಕೆಳಗಿನ ಇಂಟರ್‌ಕೂಲರ್‌ನಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ, ಆಮೇಲೆ ಕರಗಿದ ನೀರು ಹೋಗುವುದು ನೇರ ಸಿಲಿಂಡರ್‌ಗೆ. ದೀಪಾವಳಿ ಹೊತ್ತಿಗೆ ಮರೆಯದೆ ಅರ್ಧಕ್ಕರ್ಧ ಮಾಡಿ.

ಐಸ್ ಲೆಕ್ಕ ಸೊಗಸಾಗಿದೆ. ಒಂದು ಕಿಲೋ ಐಸ್ ಕರಗೋಕೆ 334 ಕಿಲೋಜೂಲ್ ಬೇಕು. ನಿಮ್ಮ ಒಂದು ಓಟದ ಬಿಸಿ ಅರ್ಧ ಕಿಲೋ ಐಸನ್ನೂ ಪೂರ್ತಿ ಕರಗಿಸಲ್ಲ. ರೇಸ್ ದಿನಕ್ಕೆ ಮಜಾ. ಆದರೆ ಕರಗಿದ ಐಸ್ ಕೂಲಂಟನ್ನು ತೆಳು ಮಾಡುತ್ತದೆ, ಮತ್ತೆ ಆಫೀಸಿಗೆ ದಿನಾ ಐಸ್ ಹೊತ್ತುಕೊಂಡು ಹೋಗೋಕಾಗಲ್ಲ. ರಸ್ತೆ ಗಾಡಿಗೆ ಅದು ಆಟದ ಸಾಮಾನು.

ತುಂಬುವಾಗ ಅವಸರ ಮಾಡಬೇಡಿ. ಮೊದಲು ಲೋಳೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಗಾಡಿಯ ಮೂತಿ ಎತ್ತರಿಸಿ, ನಿಧಾನ ಸುರಿಯಿರಿ, ಪಂಪ್ ಹಾಕಿ ಆಫ್ ಮಾಡಿ, ಗುಳ್ಳೆ ನಿಲ್ಲುವವರೆಗೆ ಮಾಡುತ್ತಾ ಇರಿ. ಒಳಗೆ ಗಾಳಿ ಸಿಕ್ಕಿಕೊಂಡರೆ ಹೊಸ ಪಂಪೂ ಹಳೇದರ ಹಾಗೇ ಗುಯ್ ಅನ್ನುತ್ತದೆ, ನೀರು ಅಲುಗಲ್ಲ.

ಶಾರ್ಜಾ ಕುಂದಾಪ್ರ · ಭಾನುವಾರ

ಇನ್ನೊಂದು ಮಾತು. ಸಾಲಿನಲ್ಲಿ ನಿಂತಾಗ ಬಾನೆಟ್ ಎತ್ತಿಡಿ. ಇಂಜಿನ್ ಆಫ್ ಮಾಡಿದ ಮೇಲೂ ಈ ಪಂಪ್ ಓಡುವ ಹಾಗೆ ಒಂದು ಸ್ವಿಚ್ ಹಾಕಿಸಿ. ಬ್ಯಾಟರಿ ನೋಡಿಕೊಳ್ಳಿ, ಹತ್ತು ನಿಮಿಷ ಸಾಕು. ನಾನು ಮಾಡಿಸಿದ್ದೇನೆ. ಮರಳಿನಲ್ಲಿ ಚಾ ಕುಡಿದು ಬರುವಷ್ಟರಲ್ಲಿ ನೀರು ಇಳಿದಿರುತ್ತದೆ.

ಡಲ್ಲಾಸ್ ಮಂಡ್ಯ · ಎರಡು ವಾರದ ನಂತರ, ಭಾನುವಾರ

ಬಂದೆ. ನಿನ್ನೆ ಮತ್ತೆ ಎನ್ನಿಸ್‌ಗೆ ಹೋಗಿದ್ದೆ. ಹೊರಗೆ 37 ಡಿಗ್ರಿ, ಹೋದ ಸಲಕ್ಕಿಂತ ಒಂದೇ ಕಡಿಮೆ. ಅದೇ ಸೂಪರ್‌ಚಾರ್ಜರ್, ಅದೇ ಪುಲ್ಲಿ, ಅದೇ ಪೆಟ್ರೋಲ್. ಹೊಸ ಪಂಪ್, ತೊಳೆದ ಹೋಸ್, ನೀರು ಜಾಸ್ತಿ ಇರುವ ಮಿಶ್ರಣ. ಸಾಲಿನಲ್ಲಿ ಬಾನೆಟ್ ಎತ್ತಿ, ಎಸಿ ಇಲ್ಲದೆ ಬೆವರುತ್ತಾ ನಿಂತೆ.

ಮೊದಲ ಓಟ 59 ಡಿಗ್ರಿ, 13.9 ಸೆಕೆಂಡ್.
ಎರಡನೇದು 63 ಡಿಗ್ರಿ, 13.9.
ಮೂರನೇದು 66 ಡಿಗ್ರಿ, 14.0.

ಟೈಮಿಂಗ್ ಹಿಂದಕ್ಕೆ ಎಳೆದದ್ದು ಒಂದು ಸಲವೂ ಕಾಣಲಿಲ್ಲ. ಖರ್ಚು ಪಂಪ್, ಹೋಸ್, ಕೂಲಂಟ್ ಎಲ್ಲಾ ಸೇರಿ 260 ಡಾಲರ್, ಜೊತೆಗೆ ಒಂದು ಹಳೇ ಲುಂಗಿ, ಒರೆಸೋಕೆ ಹೋಯಿತು. ವರ್ಕ್‌ಶಾಪ್‌ನವರು ಮತ್ತೆ ಫೋನ್ ಮಾಡಿದ್ದರು, ಟ್ವಿನ್ ಸ್ಕ್ರೂ ಮೇಲೆ ಡಿಸ್ಕೌಂಟ್ ಕೊಡುತ್ತಾರಂತೆ.

ಹುಬ್ಬಳ್ಳಿ ಡೀಸೆಲ್ · ಭಾನುವಾರ

ಮಿಡತೆ ಫೋಟೋ ಹಾಕಲೇ ಇಲ್ಲಲ್ರೀ.

ಮೆಕ್ಯಾನಿಕಲ್ ಕೊನೇ ವರ್ಷ · ಭಾನುವಾರ

ಅಣ್ಣ, ಎರಡೂ ದಿನದ ಲಾಗ್ ಫೈಲ್ ಕಳಿಸುತ್ತೀರಾ? ಪ್ರಾಜೆಕ್ಟ್‌ಗೆ ವಿಷಯ ಸಿಕ್ಕಿತು. 55 ಪರ್ಸೆಂಟ್ ಅಂತ ಅಕ್ಕ ಇಟ್ಟುಕೊಂಡದ್ದು ಬೇರೆ ಬೇರೆ ಆರ್‌ಪಿಎಂನಲ್ಲಿ ಎಷ್ಟು ಬದಲಾಗುತ್ತೆ ಅಂತ ನೋಡಬೇಕು.

ನೋವೈ ಸಾಗರದವಳು · ಭಾನುವಾರ

ಮಾಡು. ಆದರೆ ಸೂಪರ್‌ಚಾರ್ಜರ್ ಬಾಯಲ್ಲಿ ಇನ್ನೊಂದು ಸೆನ್ಸರ್ ಇಲ್ಲದೆ ಅದು ಸಿಗಲ್ಲ. ಈಗಿರುವುದು ಇಂಟರ್‌ಕೂಲರ್ ಆದ ಮೇಲಿನದು. ಮಂಡ್ಯದವರನ್ನು ಕಾಡಿಸಿ ಒಂದು ತೂತು ಹಾಕಿಸು.

ಡಲ್ಲಾಸ್ ಮಂಡ್ಯ · ಭಾನುವಾರ ರಾತ್ರಿ

ಲಾಗ್ ಕಳಿಸುತ್ತೇನೆ. ಹೋರಿಗೆ ತೂತು ಹಾಕೋಕೆ ಮನೆಯಲ್ಲಿ ಪರ್ಮಿಷನ್ ಬೇಕು.

ಟಿಆರ್‌ಎಕ್ಸ್ ಹುಚ್ಚ · ಸೋಮವಾರ ಬೆಳಿಗ್ಗೆ

ಮೇಡಂ, ಒಂದು ಸಣ್ಣ ಪ್ರಶ್ನೆ. ನಿನ್ನೆ ಸಂಜೆ ಟ್ರೈಲರ್ ಎಳೆಯುವಾಗ ನನ್ನದೂ ಸ್ವಲ್ಪ ಮಂಕಾದ ಹಾಗೆ ಅನಿಸಿತು. ಟಿಆರ್‌ಎಕ್ಸ್‌ನಲ್ಲಿ ಆ ಇಂಟರ್‌ಕೂಲರ್ ಟ್ಯಾಂಕಿನ ಕ್ಯಾಪ್ ಎಲ್ಲಿರುತ್ತೆ?